ಅಮ್ಮನಿಗೆ ಮೂರು ಅಂಕ ಕಡಿಮೆಯಾಗಿದ್ದರೆ

‘ಹೋದ ವರ್ಷ ನೆನಪಿನ ಪರೀಕ್ಷೆಯಲ್ಲಿ ಅಮ್ಮನಿಗೆ 30ಕ್ಕೆ 27 ಬಂದಿತ್ತು, ಈ ಸಲ 24. ಮರೆಗುಳಿ ಕಾಯಿಲೆ ಶುರುವಾಯಿತೇ?’ ಎಂದು ಕೇಳಿದ್ದೀರಿ. ಎರಡೂ ಸಲ ಮಾಡಿದ್ದು ಒಂದೇ ಪರೀಕ್ಷೆಯೇ ಎಂಬುದನ್ನು ಮಾತ್ರ ಬರೆದಿಲ್ಲ. ಗಂಟು ಇರುವುದೇ ಅಲ್ಲಿ.

ಎಂಎಂಎಸ್‌ಇ, ಮೋಕಾ ಎಂಬ ಎರಡು ನೆನಪಿನ ಪರೀಕ್ಷೆಗಳಿಗೂ ಪೂರ್ಣಾಂಕ 30. ಆದರೆ ಮೋಕಾ ಹೆಚ್ಚು ಕಠಿಣ. ಮೊದಲನೆಯದರಲ್ಲಿ 27 ಪಡೆದವರು ಎರಡನೆಯದರಲ್ಲಿ 24 ಅಥವಾ ಅದಕ್ಕೂ ಕಡಿಮೆ ಪಡೆಯುವುದು ಮಾಮೂಲು. ಹೋದ ವರ್ಷ ಎಂಎಂಎಸ್‌ಇ, ಈ ಸಲ ಮೋಕಾ ಆಗಿದ್ದರೆ ನಿಮ್ಮ ‘ಇಳಿತ’ ಇಳಿತವೇ ಅಲ್ಲದಿರಬಹುದು.

ಪರೀಕ್ಷೆ ಒಂದೇ ಆಗಿದ್ದರೂ ನಿದ್ದೆಗೆಟ್ಟ ರಾತ್ರಿ, ಮರೆತುಬಂದ ಕನ್ನಡಕ, ಸರಿಯಾಗಿ ಕೇಳಿಸದ ಪ್ರಶ್ನೆ ಇಷ್ಟೇ ಸಾಕು, ಎರಡು ಮೂರು ಅಂಕ ಹೋಗಲು. ಆದ್ದರಿಂದ ಉತ್ತರದ ಹಾಳೆಯ ಪ್ರತಿ ಕೇಳಿ, ಅಂಕ ಎಲ್ಲಿ ಹೋಗಿದೆ ನೋಡಿ. ಎಂಎಂಎಸ್‌ಇಯಲ್ಲಿ 100ರಿಂದ ಏಳೇಳು ಕಳೆಯುವ ಲೆಕ್ಕಕ್ಕೇ ಐದು ಅಂಕ. ಶಾಲೆ ಕಡಿಮೆ ಕಲಿತವರು, ಗಾಬರಿಯಾದವರು ಅಲ್ಲೇ ಎಡವುತ್ತಾರೆ. ಸ್ವಲ್ಪ ಹೊತ್ತಿನ ಹಿಂದೆ ಹೇಳಿದ ಪದಗಳು ಸುಳಿವು ಕೊಟ್ಟರೂ ನೆನಪಾಗದಿದ್ದರೆ ಅದು ಬೇರೆ ಮಾತು, ಅದನ್ನು ಹಗುರವಾಗಿ ನೋಡಬಾರದು.

ನಮ್ಮ ಮಟ್ಟಿಗೆ ಅಂಕಕ್ಕಿಂತ ಮನೆಯ ದಾಖಲೆಯೇ ಹೆಚ್ಚು ಹೇಳುತ್ತದೆ. ಒಂದು ನೋಟ್‌ಬುಕ್ ಇಡಿ. ಹಣದ ಲೆಕ್ಕ, ಮಾತ್ರೆ, ಅಡುಗೆ, ಫೋನು, ಗೊತ್ತಿದ್ದ ದಾರಿ – ಈ ಐದರಲ್ಲಿ ಮೊದಲು ತಾವೇ ಮಾಡುತ್ತಿದ್ದ ಯಾವುದಕ್ಕೆ ಈಗ ನೆರವು ಬೇಕಾಗಿದೆ ಎಂದು ತಿಂಗಳಿಗೊಮ್ಮೆ ಬರೆಯಿರಿ. ‘ಮರೆವು ಜಾಸ್ತಿ’ ಎಂದು ಬರೆದರೆ ಉಪಯೋಗವಿಲ್ಲ. ‘12ನೇ ತಾರೀಕು ಬೆಳಗಿನ ಬಿಪಿ ಮಾತ್ರೆ ಎರಡು ಸಲ ತೆಗೆದುಕೊಂಡರು’ ಎಂದರೆ ವೈದ್ಯರಿಗೆ ಅರ್ಥವಾಗುತ್ತದೆ. ಮರೆವಿದ್ದೂ ಇಂಥ ಕೆಲಸಗಳನ್ನು ತಾವೇ ನಿಭಾಯಿಸುತ್ತಿದ್ದರೆ ಸಾಮಾನ್ಯವಾಗಿ ಅದನ್ನು ಡಿಮೆನ್ಷಿಯಾ (ಮರೆಗುಳಿ ಕಾಯಿಲೆ) ಎನ್ನುವುದಿಲ್ಲ.

ಪರೀಕ್ಷೆಗೆಂದು ತಾರೀಕು, ವಾರ ಬಾಯಿಪಾಠ ಮಾಡಿಸಬೇಡಿ. ಪ್ರೀತಿಯಿಂದಲೇ ಮಾಡಿಸುತ್ತಾರೆ, ಆದರೆ ಅಂಕ ಏರಿ, ಕಾಯಿಲೆ ಇದ್ದರೂ ಕಾಣದೇ ಹೋಗುತ್ತದೆ.

ಬಿ-12 ಮತ್ತು ಥೈರಾಯ್ಡ್ ರಕ್ತಪರೀಕ್ಷೆ ಆಗಿದೆಯೇ? ಖಿನ್ನತೆಯೂ ಮರೆವಿನಂತೆಯೇ ಕಾಣಬಹುದು. ನಿದ್ದೆ ಮಾತ್ರೆ, ಮಂಪರು ತರಿಸುವ ಅಲರ್ಜಿ ಮಾತ್ರೆ, ಮೂತ್ರದ ಅವಸರಕ್ಕೆ ಕೊಡುವ ಕೆಲವು ಔಷಧಿಗಳು ಬುದ್ಧಿಗೆ ಮಂಕು ಕವಿಸುತ್ತವೆ. ಎಲ್ಲ ಮಾತ್ರೆಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ, ನೀವಾಗಿಯೇ ನಿಲ್ಲಿಸಬೇಡಿ.

ಗೊಂದಲ ಒಂದೆರಡು ದಿನಗಳಲ್ಲೇ ದಿಢೀರನೆ ಬಂದು, ಗಂಟೆಗೊಂದು ತರಹ ಇದ್ದರೆ ಅದು ಸನ್ನಿ ಇರಬಹುದು. ಅದಕ್ಕೆ ಸೋಂಕೋ ನಿರ್ಜಲೀಕರಣವೋ ಕಾರಣವಾಗಿರಬಹುದು. ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ತಲೆಗೆ ಪೆಟ್ಟು ಬಿದ್ದಿದ್ದರೆ, ಅದು ಕೆಲವು ವಾರಗಳ ಹಿಂದಿನದಾದರೂ, ಹೇಳಲು ಮರೆಯಬೇಡಿ.

ಇಂಥದ್ದೇನೂ ಇಲ್ಲದಿದ್ದರೆ ಆರು ತಿಂಗಳ ನಂತರ ಅದೇ ಪರೀಕ್ಷೆ, ಅದೇ ಭಾಷೆಯಲ್ಲಿ, ಬೆಳಗಿನ ಹೊತ್ತು, ಕನ್ನಡಕ ಮತ್ತು ಶ್ರವಣ ಯಂತ್ರ ಹಾಕಿಸಿ ಮಾಡಿಸಿ. ಮೋಕಾ ಆದರೆ ಪದಗಳು ಬೇರೆಯಿರುವ ಪರ್ಯಾಯ ಪತ್ರಿಕೆ ಕೇಳಿ.