ದ್ರಾವಿಡ್ ಸಹಿ ಇರುವ ಬ್ಯಾಟ್: ಸರ್ಟಿಫಿಕೇಟ್ ಇದ್ದರೆ ನಂಬಬಹುದಾ?

ಅಪ್ಪನ ಅರವತ್ತನೇ ಹುಟ್ಟುಹಬ್ಬಕ್ಕೆ ರಾಹುಲ್ ದ್ರಾವಿಡ್ ಸಹಿ ಇರುವ ಬ್ಯಾಟ್ ಕೊಡಬೇಕು, ಆನ್‌ಲೈನ್‌ನಲ್ಲಿ ಸರ್ಟಿಫಿಕೇಟ್ ಸಮೇತ ಒಂದು ಸಿಕ್ಕಿದೆ, ತಗೊಳ್ಳಲಾ ಅಂತ ಕೇಳಿದ್ದೀರಿ. ಸರ್ಟಿಫಿಕೇಟ್ ಒಂದನ್ನೇ ನೋಡಿ ದುಡ್ಡು ಕಳಿಸಬೇಡಿ. ನಾನು ಹಾಗೆ ಮಾಡಿ ಏಮಾರಿದ್ದೇನೆ.

ನನಗೆ ಬಂದ ಬ್ಯಾಟ್ ಜೊತೆ ಹೊಳೆಯುವ ಹೊಲೊಗ್ರಾಂ, ದಪ್ಪ ಕಾಗದದ ಸರ್ಟಿಫಿಕೇಟ್ ಎಲ್ಲ ಇತ್ತು. ಒಂದು ವಾರ ಆದ ಮೇಲೆ ಸುಮ್ನೆ ಭೂತಗನ್ನಡಿ ಹಿಡಿದು ನೋಡಿದೆ. ಸಹಿಯ ಗೆರೆ ತುಂಬಾ ಸಣ್ಣ ಸಣ್ಣ ಚುಕ್ಕಿಗಳು. ಅದು ಪ್ರಿಂಟ್! ಎಷ್ಟೋ ಬ್ಯಾಟ್‌ಗಳ ಸ್ಟಿಕ್ಕರ್ ಮೇಲೆ ಆಟಗಾರರ ಸಹಿ ಕಂಪನಿಯಲ್ಲೇ ಅಚ್ಚಾಗಿ ಬರುತ್ತದೆ. ಅದನ್ನೇ ಕೈಯಾರೆ ಹಾಕಿದ ಸಹಿ ಅಂತ ಮಾರಿಬಿಡುತ್ತಾರೆ.

ಮಾರ್ಕರ್‌ನಲ್ಲಿ ಹಾಕಿದ ಸಹಿ ಬೇರೆಯೇ ಥರ ಕಾಣುತ್ತದೆ. ಗೆರೆಯ ಮೇಲೆ ಗೆರೆ ಹಾದ ಕಡೆ ಇಂಕು ಗಾಢವಾಗಿರುತ್ತದೆ. ಬರೀ ಮರದ ಮೇಲಾದರೆ ಮರದ ಎಳೆಗುಂಟ ಇಂಕು ಒಂಚೂರು ಹರಡಿರುತ್ತದೆ. ಕೈ ಬೀಸಿ ಎತ್ತಿದ ಕಡೆ ಗೆರೆಯ ತುದಿ ಸಪೂರವಾಗುತ್ತದೆ. ನೋಡಿಕೊಂಡು ನಿಧಾನವಾಗಿ ಬರೆದ ನಕಲಿನಲ್ಲಿ ಗೆರೆ ನಡುಗಿರುತ್ತದೆ, ತುದಿ ಮೊಂಡಾಗಿರುತ್ತದೆ. ಒಬ್ಬನೇ ವ್ಯಾಪಾರಿಯ ಎರಡು ಬ್ಯಾಟ್‌ಗಳ ಫೋಟೊ ಒಂದರ ಮೇಲೊಂದು ಇಟ್ಟು ನೋಡಿ. ಎರಡು ಸಹಿ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲದೆ ಕೂತರೆ ಅದು ಮನುಷ್ಯನ ಕೈಯದ್ದಲ್ಲ.

ಸರ್ಟಿಫಿಕೇಟ್ ಬಗ್ಗೆ ಯಾಕಿಷ್ಟು ಹೇಳುತ್ತೇನೆ ಅಂದರೆ, ಸಹಿ ನಕಲು ಮಾಡುವವನಿಗೆ ಸರ್ಟಿಫಿಕೇಟನ್ನೂ ಅಚ್ಚು ಹಾಕಿಸುವುದು ಕಷ್ಟವೇ ಅಲ್ಲ. ಅಮೆರಿಕದಲ್ಲಿ 1990ರ ದಶಕದಲ್ಲಿ ಅಲ್ಲಿನ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ, ನಕಲಿ ಸಹಿ ಮಾರುವ ಜಾಲದ ಮೇಲೆ 'ಆಪರೇಷನ್ ಬುಲ್‌ಪೆನ್' ಅಂತ ದೊಡ್ಡ ತನಿಖೆ ನಡೆಸಿತು. ಬೇಸ್‌ಬಾಲ್ ಆಟಗಾರ ಟೋನಿ ಗ್ವಿನ್ ತಮ್ಮದೇ ತಂಡದ ಅಂಗಡಿಯಲ್ಲಿ ತಮ್ಮ ಹೆಸರಿನ ನಕಲಿ ಸಹಿ ಮಾರಾಟಕ್ಕಿದೆ ಅಂತ ಅನುಮಾನಪಟ್ಟು ತಿಳಿಸಿದ್ದರು. ಆ ಜಾಲದವರು ಸಹಿ ಜೊತೆಗೆ ಸರ್ಟಿಫಿಕೇಟನ್ನೂ ತಯಾರಿಸುತ್ತಿದ್ದರು. ಮದರ್ ತೆರೇಸಾ ಸಹಿ ಇರುವ ಬೇಸ್‌ಬಾಲ್ ಕೂಡ ಅಲ್ಲಿ ಸಿಕ್ಕಿತ್ತು!

ಮುಂದೆ ಹಳೆಯ ಆಟಗಾರರ ಸಹಿ ಕೊಳ್ಳುವುದಾದರೆ ಇಸವಿ ತಾಳೆ ನೋಡಿ. ರಣಜಿತ್ ಸಿಂಹಜಿ ತೀರಿಕೊಂಡಿದ್ದು 1933ರಲ್ಲಿ. ಈಗ ಎಲ್ಲರೂ ಬಳಸುವ ಶಾರ್ಪಿ ಮಾರ್ಕರ್ ಬಂದಿದ್ದು 1964ರಲ್ಲಿ. ರಣಜಿ ಸಹಿ ಮಾರ್ಕರ್‌ನಲ್ಲಿದ್ದರೆ ಮುಂದೆ ಮಾತೇ ಬೇಡ.

ನಿಮ್ಮ ವಿಷಯಕ್ಕೆ ಬಂದರೆ, ಮೊದಲು ವ್ಯಾಪಾರಿಗೆ ಒಂದೇ ಪ್ರಶ್ನೆ ಕೇಳಿ: ಈ ಸಹಿ ಯಾವಾಗ, ಎಲ್ಲಿ, ಯಾರ ಎದುರು ಹಾಕಿಸಿದ್ದು? ಸಹಿ ಹಾಕುತ್ತಿರುವ ಫೋಟೊ ಇದ್ದರೆ, ಅದರಲ್ಲಿರುವುದು ಇದೇ ಬ್ಯಾಟಾ ಅಂತ ಮರದ ಗೆರೆಗಳನ್ನು ಹೋಲಿಸಿ ನೋಡಿ. ಒಂದೊಂದು ಬ್ಯಾಟಿನ ಗೆರೆ ಒಂದೊಂದು ಥರ ಇರುತ್ತದೆ ಅಲ್ವಾ? ಸಹಿಯ ಹತ್ತಿರದ ಫೋಟೊ ಕಳಿಸಲು ಸತಾಯಿಸಿದರೆ, ಅಥವಾ ವಾಪಸ್ ತಗೊಳ್ಳಲ್ಲ ಅಂದರೆ, ಬಿಟ್ಟುಬಿಡಿ. ಆಟಗಾರರೇ ಕೊಟ್ಟ ಸಾಮಾನು ದತ್ತಿ ಹರಾಜುಗಳಿಗೆ ಬರುತ್ತದೆ. ಬೆಲೆ ಜಾಸ್ತಿ, ಆದರೆ ಎಲ್ಲಿಂದ ಬಂತು ಅನ್ನುವುದು ಗೊತ್ತಿರುತ್ತದೆ. ಹುಟ್ಟುಹಬ್ಬಕ್ಕೆ ಸಮಯ ಇದ್ದರೆ ನಾನು ಅದಕ್ಕೇ ಕಾಯುತ್ತಿದ್ದೆ.