ಪ್ರತಿಕ್ರಿಯೆ: ಜನವರಿಯಲ್ಲಿ ಸ್ಕಂಕಿನ ಸಿಗ್ನಲ್ ಕದಲುತ್ತಿಲ್ಲ

ನೀವು ಕೇಳಿದಂತೆ ಹತ್ತು ದಿನದಿಂದ ಕಾಲರ್ (ಕತ್ತಿಗೆ ಕಟ್ಟಿದ ರೇಡಿಯೊ ಪಟ್ಟಿ) ಸಿಗ್ನಲ್ ಒಂದೇ ಬಿಲದಿಂದ ಬರುತ್ತಿದ್ದರೆ, ನಿಮ್ಮ ಹೆಣ್ಣು ಪಟ್ಟೆ ಸ್ಕಂಕ್ (ನಾತದ ದ್ರವ ಚಿಮ್ಮಿಸುವ ಉತ್ತರ ಅಮೆರಿಕದ ಸಣ್ಣ ಪ್ರಾಣಿ) ಚಳಿಗೆ ಒಳಗೇ ಮಲಗಿರುವ ಸಂಭವವೇ ಹೆಚ್ಚು. ಪೂರ್ತಿ ಶಿಶಿರನಿದ್ರೆಯಲ್ಲ, ಮೈಶಾಖ ಇಳಿಸಿಕೊಂಡು, ಕೊಬ್ಬು ಕರಗಿಸುತ್ತಾ ದಿನಗಟ್ಟಲೆ ಬಿದ್ದಿರುತ್ತವೆ. ಹಲವು ಹೆಣ್ಣುಗಳು ಒಂದೇ ಬಿಲ ಸೇರುವುದೂ ಉಂಟು.

ಮೊದಲು ಸಿಗ್ನಲ್ ಬಡಿತ ನೋಡಿ. ಕಾಲರಿನಲ್ಲಿ ಸಾವಿನ ಸೂಚಕ (ಬಹಳ ಹೊತ್ತು ಅಲುಗದಿದ್ದರೆ ಬಡಿತ ಬದಲಿಸುವ ಭಾಗ) ಇದ್ದರೆ, ಪ್ರಾಣಿ ಸತ್ತಾಗ ವೇಗ ಬದಲಾಗಿರುತ್ತದೆ. ಅದನ್ನೇ ನಂಬಬೇಡಿ, ಕಳಚಿಬಿದ್ದ ಕಾಲರೂ ಹಾಗೇ ಬಡಿಯುತ್ತದೆ. ನಾನೊಮ್ಮೆ ಬದುಕಿದ್ದ ಪ್ರಾಣಿಯನ್ನು 'ಸತ್ತಿದೆ' ಎಂದು ಬರೆದಿಟ್ಟಿದ್ದೆ! ಆಮೇಲೆ ಬಿಲದ ಬಾಯಿಗೆ ಕ್ಯಾಮೆರಾ ಇಡಿ. ಚಳಿ ತಗ್ಗಿದ ದಿನ ಕತ್ತಲಾದ ಮೇಲೆ ಮತ್ತೆ ಆಲಿಸಿ. ಅಗೆಯಲೇಬೇಡಿ: ನಾತ ಬಿಡಿ, ರೇಬಿಸ್ ಭಯವಿದೆ.

ಓಡಾಟದ ವ್ಯಾಪ್ತಿ ಲೆಕ್ಕಹಾಕುವಾಗ ಚಳಿಗಾಲದಲ್ಲಿ ಬಿಲದಿಂದ ಸಿಕ್ಕ ಈ ಸ್ಥಳಬಿಂದುಗಳನ್ನು ಬೇರೆ ಇಡಿ. ಬೇಸಿಗೆಯವುಗಳ ಜೊತೆ ಬೆರೆಸಿದರೆ ನಕ್ಷೆಯೆಲ್ಲ ಬಿಲದ ಸುತ್ತಲೇ ಗುಡ್ಡೆಯಾಗುತ್ತದೆ. ಮಾರ್ಚ್ ಮುಗಿದರೂ ಕದಲದಿದ್ದರೆ ಕಾಲರ್ ಹುಡುಕಿ.