ಮಗು ಊಟ ಮಾಡಲ್ಲ ಅನ್ನುವವರಿಗೆ

"ನಮ್ಮ ಮಗು ಏನೂ ತಿನ್ನೋದೇ ಇಲ್ಲ ಮೇಡಂ" ಎಂದು ನನ್ನ ಬಳಿ ಸಲಹೆಗೆ ಬರುವವರು ಒಬ್ಬಿಬ್ಬರಲ್ಲ. ಮನೆ ಬೇರೆಯಾದರೂ ಕಥೆ ಹೆಚ್ಚುಕಮ್ಮಿ ಒಂದೇ. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಮೂರೂವರೆ ವರ್ಷದ ಹುಡುಗ. ಅಪ್ಪ ಅಮ್ಮ ಕೆಲಸಕ್ಕೆ ಹೋದರೆ ಹಗಲಿಡೀ ಅಜ್ಜಿಯ ಜೊತೆ. ಮೊಸರನ್ನ, ಬಿಸ್ಕತ್ತು, ಚಿಪ್ಸ್ ಬಿಟ್ಟರೆ ಬೇರೇನೂ ಬೇಡ, ಅದೂ ಎದುರಿಗೆ ಮೊಬೈಲ್ ಇದ್ದರೆ. ಪಲ್ಯ ಕಂಡರೆ ಬಾಯಿ ಬಿಗಿ. ಗದರಿಕೆ, ಅಳು, ಕೆಲವೊಮ್ಮೆ ವಾಂತಿ. ಮೊದಲು ಮಕ್ಕಳ ವೈದ್ಯರ ಬಳಿ ಕಳಿಸಿದೆ. ತೂಕ, ಎತ್ತರ ಸರಿಯಾಗಿದ್ದವು. ಹಿಮೋಗ್ಲೋಬಿನ್ ಮಾತ್ರ 11ಕ್ಕಿಂತ ಕಡಿಮೆ; ಕಬ್ಬಿಣಾಂಶದ ಸಿರಪ್ ಬರೆದುಕೊಟ್ಟರು.

ಮುಂದಿನ ಸಲ ಅಜ್ಜಿಯನ್ನೂ ಕರೆತರಲು ಹೇಳಿದೆ. ಕೂತ ಕೂಡಲೇ ಸೊಸೆ, "ಬಿಸ್ಕತ್ತಿನ ಅಭ್ಯಾಸ ಅತ್ತೆ ಮಾಡಿಸಿದ್ದು" ಅಂದರು. "ನೀವಿಬ್ರೂ ಬೆಳಗ್ಗೆ ಹೊರಟುಹೋಗ್ತೀರ, ಮಗು ಖಾಲಿ ಹೊಟ್ಟೇಲಿ ಇರ್ಬೇಕಾ?" ಅಂದರು ಅಜ್ಜಿ. ತಪ್ಪು ಯಾರದು ಅನ್ನುವ ಮಾತನ್ನು ಅಲ್ಲಿಗೇ ನಿಲ್ಲಿಸಿ, ನಿನ್ನೆ ಎದ್ದಾಗಿನಿಂದ ಮಲಗುವವರೆಗೆ ಮಗುವಿನ ಬಾಯಿಗೆ ಹೋದದ್ದನ್ನೆಲ್ಲ ಬರೆಯಿರಿ ಅಂದೆ. ಎದ್ದ ಕೂಡಲೇ ಒಂದು ಲೋಟ ಹಾಲು. ತಿಂಡಿ ತಿನ್ನಲಿಲ್ಲ ಅಂತ ಬಿಸ್ಕತ್ತು, ಇನ್ನೊಂದು ಲೋಟ. ಊಟಕ್ಕೆ ಮುಂಚೆ ಚಿಪ್ಸ್. ಸಂಜೆ ಮತ್ತೆ ಹಾಲು. ರಾತ್ರಿ ಊಟ ಬಿಟ್ಟ ಅಂತ ಮಲಗುವಾಗ ಇನ್ನೊಂದು ಲೋಟ. ಅಮ್ಮನೇ ಕೂಡಿಸಿದರು: ಹಾಲೇ ಮುಕ್ಕಾಲು ಲೀಟರ್. ಅಜ್ಜಿ ಆ ಹಾಳೆ ನೋಡಿ, ಸೊಸೆಯ ಕಡೆ ತಿರುಗಿ ಕೇಳಿದರು: "ಇಷ್ಟೆಲ್ಲ ಒಳಗೆ ಹೋದ್ಮೇಲೆ ಇವನಿಗೆ ಹಸಿವಾಗೋದು ಯಾವಾಗಮ್ಮ?"

ನಾನು ಹೇಳಬೇಕಿದ್ದದ್ದನ್ನು ಅವರೇ ಹೇಳಿಬಿಟ್ಟರು. ಈ ವಯಸ್ಸಿಗೆ ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಹಾಲು ಬೇಡ. ಹಾಲಿನಲ್ಲಿ ಕಬ್ಬಿಣಾಂಶ ತೀರ ಕಡಿಮೆ, ಹೊಟ್ಟೆ ಮಾತ್ರ ತುಂಬುತ್ತದೆ. ಇನ್ನೊಂದು ವಿಷಯ: ಹುಟ್ಟಿದ ತೂಕ ಒಂದು ವರ್ಷಕ್ಕೆ ಮೂರು ಪಟ್ಟಾಗುತ್ತದೆ. ಎರಡು ವರ್ಷ ದಾಟಿದ ಮೇಲೆ ವರ್ಷಕ್ಕೆ ಏರುವುದು ಎರಡು ಕಿಲೋ ಆಸುಪಾಸು. ಬೆಳವಣಿಗೆ ನಿಧಾನವಾದಾಗ ಹಸಿವೂ ತಗ್ಗುತ್ತದೆ. ಹೊಸ ಪದಾರ್ಥ ಕಂಡರೆ ಅನುಮಾನಪಡುವುದು ಎರಡರಿಂದ ಆರು ವರ್ಷದವರೆಗೆ ಸಹಜ. ಎಷ್ಟೋ ಮಕ್ಕಳು ಹತ್ತು ಹದಿನೈದು ಸಲ ತಟ್ಟೆಯಲ್ಲಿ ಕಂಡ ಮೇಲಷ್ಟೇ ಅದನ್ನು ಬಾಯಿಗಿಡುತ್ತಾರೆ.

ಅಮೆರಿಕದ ಆಹಾರ ತಜ್ಞೆ ಎಲಿನ್ ಸ್ಯಾಟರ್ 1980ರ ದಶಕದಿಂದ ಹೇಳುತ್ತ ಬಂದ ಸೂತ್ರವನ್ನೇ ಕೊಟ್ಟೆ. ಏನು, ಯಾವಾಗ, ಎಲ್ಲಿ ಅನ್ನುವುದು ದೊಡ್ಡವರದು. ತಿನ್ನಬೇಕೇ, ಎಷ್ಟು ಅನ್ನುವುದು ಮಗುವಿನದು. ಮೂರು ಹೊತ್ತು ಊಟ, ನಡುವೆ ಎರಡು ಸಲ ಹಣ್ಣೋ ಕಡಲೆಬೀಜವನ್ನು ನುಣ್ಣಗೆ ಪುಡಿಮಾಡಿದ ಉಂಡೆಯೋ. ಉಳಿದ ಹೊತ್ತು ನೀರು ಮಾತ್ರ. ಹಾಲು ಎರಡು ಸಣ್ಣ ಲೋಟ, ಅದೂ ಊಟದ ನಂತರ. ಮನೆಯವರಿಗೆಲ್ಲ ಮಾಡಿದ್ದೇ ಅವನ ತಟ್ಟೆಗೂ, ಒಂದು ಮೂಲೆಯಲ್ಲಿ ಅವನ ಮೊಸರನ್ನ ಇದ್ದೇ ಇರಲಿ. ಅರ್ಧ ಗಂಟೆಗೆ ತಟ್ಟೆ ಎತ್ತಿಬಿಡಿ, ಮುಖ ಸಿಂಡರಿಸಬೇಡಿ. "ಇನ್ನೊಂದೇ ತುತ್ತು" ಬೇಡ, "ಜಾಣ" ಅಂತ ಹೊಗಳಿಕೆಯೂ ಬೇಡ. ಮೊಬೈಲ್ ಅಪ್ಪನ ಕೈಯಲ್ಲೂ ಇರಕೂಡದು.

"ಅಂದ್ರೆ ಮಗೂನ ಉಪವಾಸ ಕೆಡವಿ ಅಂತೀರಾ?" ಅಪ್ಪ ಸ್ವಲ್ಪ ಸಿಟ್ಟಿನಲ್ಲೇ ಕೇಳಿದರು. ಈ ಆಕ್ಷೇಪ ನನಗೆ ಹೊಸದಲ್ಲ. ಎರಡೂವರೆ ಗಂಟೆ ಹೊಟ್ಟೆ ಖಾಲಿ ಇರುವುದು ಉಪವಾಸವಲ್ಲ. ಅವನು ತಿನ್ನುವಂಥದ್ದು ಪ್ರತಿ ತಟ್ಟೆಯಲ್ಲೂ ಇರುತ್ತದೆ. ಬಲವಂತದಿಂದ ತುರುಕಿದ ಕ್ಯಾರೆಟ್ ಹೊಟ್ಟೆಗೆ ಹೋಗಬಹುದು, ಆದರೆ ಕ್ಯಾರೆಟ್ ಮೇಲಿನ ದ್ವೇಷ ಅವನಲ್ಲಿ ಉಳಿಯುತ್ತದೆ. ತಾಯಂದಿರು ಪ್ರೀತಿಯಿಂದಲೇ ತುರುಕುತ್ತಾರೆ, ಅದು ನನಗೆ ಗೊತ್ತು. ಆದರೂ ಒತ್ತಾಯಕ್ಕೆ ನಾನು ಒಪ್ಪುವುದಿಲ್ಲ.

ಮೊದಲ ವಾರ ಕಷ್ಟವೇ ಆಯಿತು. ಸಂಜೆ ಬಿಸ್ಕತ್ತಿಗೆ ಅಳು, ಅಜ್ಜಿಗೆ ಸಂಕಟ. ಅದು ಅವರೆಕಾಯಿ ಕಾಲ. ಅಜ್ಜಿ ಹಿತಕಿದ ಬೇಳೆ ಸಾರಿಗೆ ನೆನೆಸಿದ ಕಾಳು ಮುಂದಿಟ್ಟುಕೊಂಡು ಕೂತಾಗ ಅವನೂ ಪಕ್ಕ ಕೂತ. ಬೆರಳಲ್ಲಿ ಒತ್ತಿದರೆ ಸಿಪ್ಪೆ ಕೈಯಲ್ಲಿ, ಬೇಳೆ ಪುಟಕ್ಕನೆ ಆಚೆ. ಅವನಿಗದು ಬಲು ಮೋಜು. ರಾತ್ರಿ ಸಾರಿನಲ್ಲಿ "ನಂದು" ಅಂತ ಬೇಳೆ ಹುಡುಕಿ ಎರಡು ತಿಂದನಂತೆ. ಯಾರೂ ಚಪ್ಪಾಳೆ ತಟ್ಟಲಿಲ್ಲ ಅಂತ ಅಮ್ಮ ಫೋನಿನಲ್ಲಿ ಹೇಳಿದಾಗ ನನಗೆ ನಿಜಕ್ಕೂ ಖುಷಿಯಾಯಿತು.

ಮೂರು ತಿಂಗಳಿಗೆ ಬೇಳೆ ಸಾರು, ಚಪಾತಿ, ಮೊಟ್ಟೆ ಒಗ್ಗಿವೆ. ಸೊಪ್ಪು ಇನ್ನೂ ಬದಿಗೆ ತಳ್ಳುತ್ತಾನೆ. ತಳ್ಳಲಿ, ಬಡಿಸುವುದನ್ನು ನಿಲ್ಲಿಸಬೇಡಿ ಅಂದಿದ್ದೇನೆ. ಆದರೆ ತೂಕ ಇಳಿಯುತ್ತಿದ್ದರೆ, ನುಂಗುವಾಗ ಕೆಮ್ಮು ಬಂದರೆ, ಗಟ್ಟಿ ಪದಾರ್ಥ ಅಗಿಯಲಾಗದಿದ್ದರೆ, ಮೊದಲು ತಿನ್ನುತ್ತಿದ್ದುದನ್ನೂ ಒಂದೊಂದಾಗಿ ಬಿಡುತ್ತಿದ್ದರೆ ಈ ಸಲಹೆ ಸಾಲದು. ಅಂಥ ಮಗುವನ್ನು ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಿ.